ತಲೆಯ ಪೆಟ್ಟು ಮೊಣಕಾಲಿನ ಗಾಯಕ್ಕಿಂತ ಚಿಕ್ಕದಲ್ಲ

'ಮೊಣಕಾಲಿನ ಎಸಿಎಲ್ ಹರಿದರೆ ವರ್ಷ ಹೋಯಿತು, ಕನ್ಕಶನ್ ಆದರೆ ಒಂದು ವಾರ ಸಾಕು' ಎಂಬ ಮಾತು ಹರಿದಾಡುತ್ತಿದೆ. ಎಸಿಎಲ್ ಅಂದರೆ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯಂಥ ಅಸ್ಥಿರಜ್ಜು (ಲಿಗಮೆಂಟ್); ಕನ್ಕಶನ್ ಅಂದರೆ ಪೆಟ್ಟು ಬಿದ್ದು ಮೆದುಳು ಅಲುಗಾಡಿ ಆಗುವ ಗಾಯ. ಆ ಮಾತು ಅರ್ಧ ಸತ್ಯ.

ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು, ನಿಜ. ಕನ್ಕಶನ್ ಆದ ಹೆಚ್ಚಿನ ವಯಸ್ಕರು ಸುಮಾರು 2 ವಾರದಲ್ಲಿ, ಮಕ್ಕಳು 4 ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಎಲ್ಲರೂ ಅಲ್ಲ. ಕೆಲವರಿಗೆ ತಲೆನೋವು, ತಲೆಸುತ್ತು, ಮರೆವು ತಿಂಗಳುಗಟ್ಟಲೆ ಕಾಡುತ್ತವೆ.

ಮೊಣಕಾಲಾದರೆ ಊತ ಕಾಣುತ್ತದೆ, ಸ್ಕ್ಯಾನ್‌ನಲ್ಲಿ ಹರಿದದ್ದು ಗೊತ್ತಾಗುತ್ತದೆ. ಕನ್ಕಶನ್‌ನಲ್ಲಿ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಪ್ರಜ್ಞೆಯೂ ಹೆಚ್ಚಿನವರಿಗೆ ತಪ್ಪಿರುವುದಿಲ್ಲ. ಅದಕ್ಕೇ 'ಸುಮ್ನೆ ಆಡು' ಅನ್ನುವವರು ಜಾಸ್ತಿ. ನನಗೆ ಭಯವಾಗುವುದೇ ಇಲ್ಲಿ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಇನ್ನೊಂದು ಬಿದ್ದರೆ, ಅಪರೂಪಕ್ಕೆ ಮೆದುಳು ಊದಿ ಪ್ರಾಣವೇ ಹೋಗಬಹುದು.

ಇನ್ನೊಂದು ವಿಷಯ. ಕನ್ಕಶನ್ ಆದವರಿಗೆ ಮುಂದಿನ ತಿಂಗಳುಗಳಲ್ಲಿ ಕಾಲಿನ ಗಾಯದ ಅಪಾಯವೂ ಹೆಚ್ಚುತ್ತದೆ. ಎರಡೂ ಬೇರೆ ಬೇರೆ ಅಲ್ಲ, ಅಲ್ವಾ?

ಕನ್ಕಶನ್ ಅನುಮಾನ ಬಂದ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು. 1–2 ದಿನ ವಿಶ್ರಾಂತಿ, ಆಮೇಲೆ ಹಗುರ ನಡಿಗೆ, ಹಂತ ಹಂತವಾಗಿ ಅಭ್ಯಾಸ. ಪಂದ್ಯಕ್ಕೆ ಮರಳುವುದು ವೈದ್ಯರು ಒಪ್ಪಿದ ಮೇಲೆ ಮಾತ್ರ.