ಮೂರನೇ ಸಾಲಿನಲ್ಲಿ ಕೂತವರನ್ನು ಮುಂದೆ ಕರೆಯೋಣ

ಕಾರವಾರದ ನಮ್ಮ ನಿವೃತ್ತರ ಕಲಿಕಾ ಬಳಗದ ಬಗ್ಗೆ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಬಳಗದ ಹೊರಗಿನವರೂ ಓದಿ. ಶಿರಸಿ, ಕುಮಟಾ, ಹೊನ್ನಾವರ ಕಡೆಯವರಂತೂ ಓದಲೇಬೇಕು. ನಿಮ್ಮಲ್ಲೂ ಇಂಥ ಗುಂಪು ಇರಬಹುದು, ಇಲ್ಲದಿದ್ದರೆ ಇವತ್ತಲ್ಲ ನಾಳೆ ಶುರುವಾಗುತ್ತದೆ.

ನಾನು ಹೇಳುವುದು ಇಷ್ಟೇ. ಹೊರಗಿನಿಂದ ಭಾಷಣಕಾರರನ್ನು ಕರೆಸುವುದು ಕಡಿಮೆ ಮಾಡೋಣ. ನಮ್ಮೊಳಗೆ ಇರುವವರೇ ಕಲಿಸಲಿ. ಕಲಿತದ್ದು ಸಭಾಭವನದ ಬಾಗಿಲು ದಾಟಿ ಊರಿಗೆ ಹೋಗಲಿ.

ಈಗ ಏನಾಗುತ್ತಿದೆ ನೋಡಿ. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಮುಕ್ಕಾಲು ಗಂಟೆ ಸಕ್ಕರೆ ಕಾಯಿಲೆ ಬಗ್ಗೆಯೋ ಮನಃಶಾಂತಿ ಬಗ್ಗೆಯೋ ಮಾತು. ವಂದನಾರ್ಪಣೆ, ಚಹಾ, ಗ್ರೂಪ್ ಫೋಟೊ. ಬಂದ ಅತಿಥಿಗಳ ಮೇಲೆ ನನಗೆ ಗೌರವ ಇದೆ. ಆದರೆ ಅವರ ಎದುರು ಕೂತವರು ಯಾರು ಅಂತ ಯಾರಾದರೂ ಒಮ್ಮೆ ತಿರುಗಿ ನೋಡಿದ್ದೀರಾ? ಮಳೆಗಾಲದ ರಾತ್ರಿಗಳಲ್ಲಿ ಕಂಬ ಹತ್ತಿ ಇಳಿದ ಲೈನ್‌ಮನ್ ಇದ್ದಾರೆ. ಹೆರಿಗೆ ವಾರ್ಡಿನಲ್ಲಿ ಜೀವನ ಕಳೆದ ನರ್ಸ್ ಇದ್ದಾರೆ. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಗುಡ್ಡ ಸುತ್ತಿದವರು, ಕನ್ನಡ ಶಾಲೆಯ ಅಕ್ಕೋರು, ಯಲ್ಲಾಪುರ ಘಾಟಿಯ ಒಂದೊಂದು ತಿರುವನ್ನೂ ಬಲ್ಲ ಬಸ್ ಡ್ರೈವರ್, ಎಲ್ಲರೂ ಇದ್ದಾರೆ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮಲ್ಲಿ ಇಡೀ ಹಿತ್ತಲೇ ಚಪ್ಪಾಳೆ ತಟ್ಟುತ್ತಾ ಕೂತಿದೆ.

ಈ ವಿಚಾರ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗಾಗಿ ತರಗತಿಗಳನ್ನು ತೆರೆದರು. ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್, ಅಂದರೆ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ, ಅಂತ ಅದಕ್ಕೆ ಹೆಸರು. ಅಲ್ಲಿ ಪಾಠ ಮಾಡುತ್ತಿದ್ದವರು ವಿಶ್ವವಿದ್ಯಾಲಯದವರೇ. ಎಂಬತ್ತರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಪೀಟರ್ ಲ್ಯಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಎಂಬ ಮೂವರು ಬೇರೆ ದಾರಿ ಹಿಡಿದರು. ಕಲಿಸುವವರೂ ಸದಸ್ಯರೇ, ಕಲಿಯುವವರೂ ಸದಸ್ಯರೇ. ಪರೀಕ್ಷೆ ಇಲ್ಲ, ಪದವಿ ಇಲ್ಲ, ಕಲಿಸಿದ್ದಕ್ಕೆ ಸಂಬಳ ಇಲ್ಲ. ನಮಗೆ ಹೊಂದುವುದು ಈ ಎರಡನೇ ದಾರಿ. ಅದಕ್ಕೆ ದುಡ್ಡು ಬೇಡ, ದೊಡ್ಡವರ ಶಿಫಾರಸು ಬೇಡ. ಒಂದು ಕೋಣೆ, ಹತ್ತು ಕುರ್ಚಿ ಇದ್ದರೆ ಸಾಕು.

ಇದು ನಡೆಯುತ್ತದೆ ಅಂತ ನನಗೆ ನಂಬಿಕೆ ಬಂದದ್ದು ಮಳೆಗಾಲಕ್ಕೆ ಮೊದಲು ನಮ್ಮ ಲೈನ್‌ಮನ್ ಅಣ್ಣ ಮಾಡಿದ ಒಂದು ತರಗತಿಯಿಂದ. ಅವರು ಮೈಕ್ ಮುಟ್ಟಲಿಲ್ಲ. ಮನೆಯಿಂದ ಒಂದು ಹಲಗೆ ತಂದಿದ್ದರು. ಅದರ ಮೇಲೆ ಎರಡು ಸ್ವಿಚ್ಚು, ಒಂದು ಪ್ಲಗ್ಗು, ಒಂದು ಎಂಸಿಬಿ, ಒಂದು ಆರ್‌ಸಿಸಿಬಿ. ಕೊನೆಯ ಎರಡೂ ಅಪಾಯ ಬಂದಾಗ ತಾವಾಗಿಯೇ ಕರೆಂಟು ಕಡಿಯುವ ಸ್ವಿಚ್ಚುಗಳು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡರು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ನಿಮ್ಮ ಜೀವವನ್ನು ಅಂದರು. ವೈರಿನಲ್ಲಿ ಹೋದ ಕರೆಂಟು ಪೂರ್ತಿ ತಿರುಗಿ ಬಾರದೆ ಬೇರೆ ಕಡೆಯಿಂದ ನೆಲಕ್ಕೆ ಇಳಿಯುತ್ತಿದ್ದರೆ ಆರ್‌ಸಿಸಿಬಿಗೆ ಗೊತ್ತಾಗುತ್ತದೆ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಅಷ್ಟು ಸೋರಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ. ಅದರ ಮೇಲೆ ‘ಟಿ’ ಅಂತ ಬರೆದ ಸಣ್ಣ ಗುಂಡಿ ಇರುತ್ತದಲ್ಲ, ತಿಂಗಳಿಗೊಮ್ಮೆ ಅದನ್ನು ಒತ್ತಬೇಕು. ಅದರ ಸ್ವಿಚ್ಚು ಟಪ್ ಅಂತ ಕೆಳಗೆ ಬಿದ್ದರೆ ಸರಿ ಇದೆ. ಬೀಳದಿದ್ದರೆ ಆವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು. ಅಲ್ಲಿ ನಿಂತವರಲ್ಲಿ ಹೆಚ್ಚಿನವರು ಆ ಗುಂಡಿಯನ್ನು ಒಂದು ಸಲವೂ ಮುಟ್ಟಿದವರಲ್ಲ. ಎಲ್ಲರಿಂದಲೂ ಒಬ್ಬೊಬ್ಬರಾಗಿ ಒತ್ತಿಸಿದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಹೊಂಡಕ್ಕೆ ಬೇಸಿಗೆಯಲ್ಲಿ ನೀರು ಹಾಕಬೇಕು, ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ ಅಂತ ಹೇಳಿದ್ದೂ ಆವತ್ತೇ.

ಮುಂದಿನ ವಾರ ಏನಾಯಿತು ಗೊತ್ತಾ? ತರಗತಿಗೆ ಬಂದಿದ್ದ ಅಕ್ಕೋರು ಒಬ್ಬರು ಲೈನ್‌ಮನ್ ಅಣ್ಣನನ್ನು ತಮ್ಮ ಓಣಿಯ ಅಂಗನವಾಡಿಗೆ ಕರೆದುಕೊಂಡು ಹೋದರು. ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಒಡೆದ ಪ್ಲಗ್ಗು ಇತ್ತು. ಗೋಡೆಯಲ್ಲಿ ಮಳೆ ನೀರು ಇಳಿಯುವ ಜಾಗದಲ್ಲೇ ಮೀಟರ್ ಬೋರ್ಡು. ಅವರು ಸ್ಕ್ರೂಡ್ರೈವರ್ ತೆಗೆಯಲಿಲ್ಲ, ಅದು ಅವರ ಕೆಲಸವೂ ಅಲ್ಲ. ಏನೇನು ಅಪಾಯ ಇದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕಾರ್ಯಕರ್ತೆಗೆ ಕೊಟ್ಟರು. ಆಕೆ ಅದನ್ನು ಹಿಡಿದು ಮೇಲಿನವರ ಹತ್ತಿರ ಹೋದರು. ಪ್ಲಗ್ಗು ಬದಲಾಯಿತು. ಯಾರೂ ಶಾಲು ಹೊದಿಸಲಿಲ್ಲ. ಸ್ವಯಂಸೇವೆ ಅಂದರೆ ನನ್ನ ಕಣ್ಣಿಗೆ ಇದೇ. ಬೇಕಾದ್ದು ಒಬ್ಬರಿಗೆ, ತಿಳಿದದ್ದು ಇನ್ನೊಬ್ಬರಿಗೆ, ನಡುವೆ ಕರೆದುಕೊಂಡು ಹೋಗುವ ಒಬ್ಬರು.

ಹಾಗಾದರೆ ಉಳಿದವರು ಏನು ಮಾಡಬಹುದು? ನನ್ನ ಕ್ಷೇತ್ರದಿಂದಲೇ ಶುರು ಮಾಡುತ್ತೇನೆ. ನವೆಂಬರ್ ಬಂದರೆ ಪಿಂಚಣಿದಾರರಿಗೆ ಜೀವಂತ ಪ್ರಮಾಣಪತ್ರದ ಚಿಂತೆ. ಬ್ಯಾಂಕಿನ ಎದುರು ಬಿಸಿಲಿನಲ್ಲಿ ಕೂತಿರುತ್ತಾರೆ. ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ವ್ಯವಸ್ಥೆ 2014ರಿಂದಲೇ ಇದೆ. ಈಗ ಮೊಬೈಲ್ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಮಾಡಬಹುದು. ದುಡಿದು ದುಡಿದು ಬೆರಳಿನ ಗೆರೆ ಸವೆದವರಿಗೆ ಹೆಬ್ಬೆಟ್ಟಿನ ಯಂತ್ರ ಒಪ್ಪುವುದಿಲ್ಲ, ಅವರಿಗೆ ಇದು ದೊಡ್ಡ ಅನುಕೂಲ. ಅಂಚೆಯವರು ಮನೆ ಬಾಗಿಲಿಗೆ ಬಂದೂ ಮಾಡಿಕೊಡುತ್ತಾರೆ, ಆದರೆ ಅದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮ್ಮಲ್ಲಿ ಮೊಬೈಲ್ ಚೆನ್ನಾಗಿ ಬಲ್ಲ ನಾಲ್ಕು ಜನ ನವೆಂಬರ್ ಪೂರ್ತಿ ಬೆಳಿಗ್ಗೆ ಎರಡು ತಾಸು ಒಂದು ಮೇಜು ಹಾಕಿ ಕೂತರೆ ಎಷ್ಟು ಜನರ ಅಲೆದಾಟ ತಪ್ಪುತ್ತದೆ ಯೋಚಿಸಿ.

ಆದರೆ ಅಲ್ಲಿ ಕೂರುವವರಿಗೆ ಕಟ್ಟುನಿಟ್ಟು ಬೇಕು. ಪಾಸ್‌ಬುಕ್ಕು ಪಿಂಚಣಿದಾರರ ಕೈಯಲ್ಲೇ ಇರಲಿ. ಒಟಿಪಿ ಬಂದರೆ ಅವರೇ ಓದಿ ಅವರೇ ಒತ್ತಲಿ, ಓದಲು ಬಾರದಿದ್ದರೆ ಮನೆಯವರನ್ನು ಕರೆಸಿ. ಎಟಿಎಂ ಪಿನ್ ಯಾರು ಕೇಳಿದರೂ ಹೇಳಬಾರದು, ನಾವು ಕೇಳಿದರೂ ಹೇಳಬಾರದು ಅಂತ ನಾವೇ ಹೇಳಿಕೊಡಬೇಕು. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ವಯಸ್ಸಾದವರ ಜೀವಮಾನದ ಉಳಿತಾಯ ದೋಚುವ ಕಾಲ ಇದು. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ವಿಡಿಯೊ ಕರೆಯಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಮೋಸ ಆಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಹಣ ಕೈ ಬಿಡುತ್ತದೆ. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮನೆಯ ಫೋನಿನ ಪಕ್ಕ ಅಂಟಿಸಿಬಂದರೂ ಅದು ಒಂದು ಕೆಲಸವೇ.

ಟಾಗೋರ್ ಕಡಲತೀರದಲ್ಲಿ ದಿನಾ ಬೆಳಿಗ್ಗೆ ವಾಕಿಂಗ್ ಮಾಡುವವರಲ್ಲಿ ಜಾಸ್ತಿ ನಮ್ಮವರೇ. ಅವರಿಗೊಂದು ಕೆಲಸ ಇದೆ. ಚಳಿಗಾಲ ಶುರುವಾದ ಮೇಲೆ ನಮ್ಮ ಕರಾವಳಿಯಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹೊತ್ತು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಒಂದೂವರೆಯಿಂದ ಎರಡು ತಿಂಗಳಲ್ಲಿ ಮರಿ. ಬೆಳಿಗ್ಗೆ ಮರಳಿನ ಮೇಲೆ ಸಣ್ಣ ಟ್ರ್ಯಾಕ್ಟರ್ ಟೈರು ಉರುಳಿಹೋದ ಹಾಗೆ ಗುರುತು ಕಾಣುತ್ತದೆ, ನೀರಿನಿಂದ ಮೇಲೆ, ಮತ್ತೆ ನೀರಿಗೆ. ಜನ ಓಡಾಡಿ ಅದು ಅಳಿಸುವ ಮೊದಲು, ನಾಯಿಗಳು ಗೂಡು ಅಗೆಯುವ ಮೊದಲು ಅದನ್ನು ನೋಡುವವರು ಐದೂವರೆಗೆ ಎದ್ದು ಬರುವ ನಾವು ಮಾತ್ರ. ನೋಡಿದರೆ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವ ತನಕ ಪಕ್ಕದಲ್ಲಿ ನಿಂತಿರಿ. ಅಷ್ಟೇ ಸಾಕು. ಕೆದಕಬಾರದು, ಮೊಟ್ಟೆ ಮುಟ್ಟಬಾರದು. ಕಡಲಾಮೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಮರಿಗಳು ಬೆಳಕು ಇದ್ದ ಕಡೆ ಹೋಗುತ್ತವೆ. ದಂಡೆಯ ಮನೆ, ಹೋಟೆಲಿನ ದೀಪ ಅವನ್ನು ರಸ್ತೆ ಕಡೆ ಎಳೆಯುತ್ತದೆ. ಮರಿ ಹೊರಬರುವ ದಿನಗಳಲ್ಲಿ ಆ ಮನೆಗಳಿಗೆ ಹೋಗಿ ‘ಸ್ವಲ್ಪ ಲೈಟ್ ಆರಿಸಿ ಮಾರಾಯ್ರೆ’ ಅನ್ನಲು ಬಿಳಿ ತಲೆಯವರೇ ಬೇಕು. ಹುಡುಗರು ಹೇಳಿದರೆ ಕೇಳುವುದಿಲ್ಲ. ಈ ವಿಷಯದ ತರಗತಿ ಬೇಕಿದ್ದರೆ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿಯವರನ್ನು ಸಭೆಗೆ ಕರೆಯುವುದಕ್ಕಿಂತ ನಾವೇ ಅಲ್ಲಿಗೆ ಹೋಗೋಣ.

ಇನ್ನೊಂದು ಕೆಲಸ ನನಗೆ ತುಂಬಾ ಅವಸರದ್ದು ಅನ್ನಿಸುತ್ತದೆ. ನೆನಪುಗಳನ್ನು ಹಿಡಿದಿಡುವುದು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಕಣ್ಣಾರೆ ಕಂಡವರು ಈಗ ಸಿಗುವುದಿಲ್ಲ. ಆದರೆ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದು ಬಂದವರು ನಮ್ಮ ನಡುವೆ ಇದ್ದಾರೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿಯಿತಲ್ಲ, ಆ ಸೇತುವೆ ಕಟ್ಟುವ ಮೊದಲು ಸದಾಶಿವಗಡಕ್ಕೆ ಹೇಗೆ ದಾಟುತ್ತಿದ್ದರು ಅಂತ ಹೇಳುವವರು ಇನ್ನೂ ಇದ್ದಾರೆ. ಶಿರಸಿಯವರೇ, 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಹತ್ತಿರ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತ ಯುವಕರಿಗೆ ಈಗ ಅರವತ್ತು ದಾಟಿದೆ. ನಿಮ್ಮ ಬಳಗದಲ್ಲೇ ಇಬ್ಬರು ಇರಬಹುದು. ಕೇಳಿದ್ದೀರಾ? ಆ ಅಪ್ಪಿಕೋ ಚಳವಳಿ ಬಗ್ಗೆ ಹೊರಗಿನವರು ಬರೆದದ್ದು ಬೇಕಾದಷ್ಟಿದೆ. ಅಲ್ಲಿ ನಿಂತವರು ಆವತ್ತು ಬುತ್ತಿಗೆ ಏನು ಕಟ್ಟಿಕೊಂಡು ಹೋಗಿದ್ದರು, ಮನೆಯಲ್ಲಿ ಯಾರು ಬೇಡ ಅಂದರು, ಅದು ಅವರ ಬಾಯಿಂದಲೇ ಬರಬೇಕು. ಮೊಬೈಲ್ ಸಾಕು. ಒಬ್ಬರು ಕೇಳಲಿ, ಒಬ್ಬರು ರೆಕಾರ್ಡ್ ಮಾಡಲಿ. ಮೊದಲು ಒಪ್ಪಿಗೆ ಕೇಳಿ. ಕೊಂಕಣಿ, ಹಾಲಕ್ಕಿ ಕನ್ನಡ, ಹವಿಗನ್ನಡ, ಅವರಿಗೆ ಯಾವುದು ಬರುತ್ತದೋ ಅದರಲ್ಲೇ ಮಾತಾಡಲು ಬಿಡಿ. ತಿದ್ದಬೇಡಿ. ಎರಡು ಕಡೆ ಪ್ರತಿ ಇಡಿ.

ಮಕ್ಕಳಿಗೆ ಓದಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಅನ್ನುವ ಮಕ್ಕಳ ಓದಿನ ಕಾರ್ಯಕ್ರಮ ಇದೆ, ಹೋಗಿ ಗ್ರಂಥಪಾಲಕರನ್ನು ಕೇಳಿದರೆ ಸಾಕು, ಅವರೇ ದಿನ ಹೇಳುತ್ತಾರೆ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಯಾವ ಕೆಲಸ ಹಿಡಿದರೂ ವಾರ, ಹೊತ್ತು ನಿಗದಿ ಇರಲಿ. ಮಂಗಳವಾರ ನಾಲ್ಕು ಗಂಟೆ ಅಂದರೆ ಮಂಗಳವಾರ ನಾಲ್ಕು ಗಂಟೆ. ‘ಬಿಡುವಾದಾಗ ಬರುತ್ತೇನೆ’ ಅನ್ನುವವರಿಂದ ಶಾಲೆಯವರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಅವರು ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಾರೆ, ನಾವು ಮದುವೆ ಮನೆಗೆ ಹೋಗಿರುತ್ತೇವೆ. ಮೊಮ್ಮಕ್ಕಳನ್ನು ನೋಡಲು ಬೆಂಗಳೂರಿಗೆ ಹೋಗುವುದಿದ್ದರೆ ಹೋಗಿ, ಅಡ್ಡಿಲ್ಲ. ಬದಲಿ ಜನ ಇಟ್ಟು ಹೋಗಿ. ಒಂದು ಕೆಲಸಕ್ಕೆ ಇಬ್ಬರು ಜೋಡಿ ಇದ್ದರೆ ಇದು ಸುಲಭ. ಇನ್ನು, ಏನು ಕೊಡಬೇಕು ಅಂತ ನಾವೇ ತೀರ್ಮಾನಿಸಿ ಹೋಗಬಾರದು. ಏನು ಬೇಕು ಅಂತ ಕೇಳಿ ಹೋಗಬೇಕು. ಶಾಲೆಗೆ ನೀತಿಕಥೆ ಬೇಡವಾಗಿರಬಹುದು, ಗಣಿತದಲ್ಲಿ ಭಾಗಾಕಾರ ಬೇಕಾಗಿರಬಹುದು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ನೆನೆಯದೆ ಈ ವಿಷಯ ಬರೆಯುವುದು ನನ್ನಿಂದ ಆಗುವುದಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಶುರು ಮಾಡಿದವರು. ನಿವೃತ್ತಿ ಆದ ಮೇಲೂ ಗಿಡ ಬಿಡಲಿಲ್ಲ. ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಅನ್ನುವುದು ಶಾಲೆ ಮೆಟ್ಟಿಲು ಹತ್ತದ ಅವರಿಗೆ ಗೊತ್ತಿತ್ತು. ಪದ್ಮಶ್ರೀ ಬಂತು, ಬರಿಗಾಲಲ್ಲೇ ಹೋಗಿ ತಗೊಂಡು ಬಂದರು, ಮತ್ತೆ ಗಿಡಗಳ ನಡುವೆ ಕಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ದೊಡ್ಡ ಗುರುಗಳಲ್ಲಿ ಅವರೊಬ್ಬರು. ನಮ್ಮ ಬಳಗದ ಈಗಿನ ನಿಯಮದ ಪ್ರಕಾರ ದಿನಗೂಲಿಯಲ್ಲೇ ಉಳಿದವರಿಗೆ ಸದಸ್ಯತ್ವದ ಅರ್ಜಿಯೇ ಇಲ್ಲ. ಫಾರ್ಮಿನಲ್ಲಿ ‘ನಿವೃತ್ತಿಯಾದ ಇಲಾಖೆ’ ಅಂತ ಕಾಲಂ ಇದೆ.

ಆ ಕಾಲಂ ತೆಗೆಯಬೇಕು. ಮೀನು ಮಾರುವ ಹೆಂಗಸಿಗೆ ಪಿಂಚಣಿ ಕೊಡುವ ಇಲಾಖೆ ಯಾವುದು? ಅರವತ್ತೈದು ವರ್ಷದ ಆಕೆಗೆ ಬಂಗಡೆ, ತಾರ್ಲೆ ಯಾವ ಹೊತ್ತಿಗೆ ಬಲೆಗೆ ಬಿದ್ದದ್ದು ಅಂತ ಕಿವಿರು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಸ್ವಲ್ಪ ಬಿಡುವೂ ಇರುತ್ತದೆ. ಆಕೆ ಕಲಿಸಲಿ, ನಾವು ಕೂತು ಕಲಿಯೋಣ. ಆಕೆಗೆ ಸಹಿ ಮಾಡಲು, ಬಸ್ಸಿನ ಬೋರ್ಡು ಓದಲು ಕಲಿಯಬೇಕೆಂದಿದ್ದರೆ ನಮ್ಮ ಅಕ್ಕೋರು ಇದ್ದಾರಲ್ಲ. ಹಾಗೆಯೇ ಜೀವಮಾನವಿಡೀ ಮನೆ ನಡೆಸಿದ ಹೆಂಗಸರು. ಅವರನ್ನು ‘ಸದಸ್ಯರ ಪತ್ನಿ’ ಅಂತ ಹಿಂದಿನ ಸಾಲಿನಲ್ಲಿ ಕೂರಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಸಭೆಯ ಹೊತ್ತೂ ಬದಲಾಗಬೇಕು. ಸಂಜೆ ಆರಕ್ಕೆ ಇಟ್ಟರೆ ದೇವರ ದೀಪ, ರಾತ್ರಿಯ ಅಡುಗೆ, ಮೊಮ್ಮಕ್ಕಳ ಹೋಂವರ್ಕ್ ಬಿಟ್ಟು ಯಾವ ಹೆಂಗಸು ಬರುತ್ತಾಳೆ? ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಇಡಿ. ಬಸ್ಸೂ ಸಿಗುತ್ತದೆ, ಕಣ್ಣು ಮಂಜಾದವರಿಗೆ ಬೆಳಕಿರುವಾಗಲೇ ಮನೆ ಮುಟ್ಟಬಹುದು. ಮುಂದಿನ ಸಭೆಯಲ್ಲಿ ನಾನು ಈ ಎರಡನ್ನೂ, ಫಾರ್ಮಿನ ಕಾಲಂ ಮತ್ತು ಸಭೆಯ ಹೊತ್ತು, ಠರಾವಾಗಿ ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಬರುವವರು ‘ನಾನು ಕಲಿಸಬಲ್ಲದ್ದು’, ‘ನನಗೆ ಕಲಿಯಬೇಕಾದದ್ದು’ ಅಂತ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ತನ್ನಿ. ನನ್ನ ಚೀಟಿಯಲ್ಲಿ ಮೊದಲ ಸಾಲು ಅಂಚೆ ಉಳಿತಾಯದ ಲೆಕ್ಕ. ಎರಡನೆಯದು ತೆಂಗಿನ ಗರಿ ಹೆಣೆಯುವುದು.