ಟೆಂಪಲ್ ಸಾಹೇಬರ ತಕ್ಕಡಿ

ಏಪ್ರಿಲ್ 21 ಬಂತೆಂದರೆ ಆ ಒಂದು ಭಾಷಣ ತಪ್ಪಿದ್ದಲ್ಲ. ನಾಗರಿಕ ಸೇವಾ ದಿನ. ವೇದಿಕೆ ಮೇಲಿನವರು ‘ಅಧಿಕಾರಿಗಳು ವಸಾಹತುಶಾಹಿ ಮನಃಸ್ಥಿತಿ ಬಿಡಬೇಕು’ ಅನ್ನುತ್ತಾರೆ, ಕೆಳಗೆ ಕೂತ ಅಧಿಕಾರಿಗಳು ಚಪ್ಪಾಳೆ ತಟ್ಟುತ್ತಾರೆ, ಮರುದಿನ ಪತ್ರಿಕೆಯಲ್ಲಿ ಮೂರು ಕಾಲಂ ಸುದ್ದಿ. ಏನನ್ನು ಬಿಡಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. 2017ರಲ್ಲಿ ಕಾರಿನ ಮೇಲಿನ ಕೆಂಪು ದೀಪ ಬಿಟ್ಟರು. ಕುರ್ಚಿಯ ಬೆನ್ನಿಗೆ ಹೊದಿಸುವ ಬಿಳಿ ಟವೆಲ್ ಉಳಿದುಕೊಂಡಿದೆ. ಅದನ್ನೂ ತೆಗೆದ ದಿನ ಸ್ವಾತಂತ್ರ್ಯ ಪೂರ್ತಿ ಬಂದಂತೆ ಅಂತ ಕಾಣುತ್ತದೆ.

ಟವೆಲ್, ಬಂಗಲೆ, ಬಾಗಿಲಲ್ಲಿ ಡವಾಲಿ ಹಾಕಿಕೊಂಡು ನಿಂತ ಜವಾನ, ಇಷ್ಟೇ ಬ್ರಿಟಿಷ್ ಆಡಳಿತ ಅಂದುಕೊಂಡವರು ಆ ದೊರೆಗಳಿಗೆ ದೊಡ್ಡ ಅನ್ಯಾಯ ಮಾಡುತ್ತಿದ್ದಾರೆ. ಅವರ ನಿಜವಾದ ಪ್ರತಿಭೆ ಫೈಲಿನಲ್ಲಿತ್ತು. ಉದಾಹರಣೆಗೆ ಸರ್ ರಿಚರ್ಡ್ ಟೆಂಪಲ್.

ಟೆಂಪಲ್ ಸಾಹೇಬರು ತಮ್ಮ ವೃತ್ತಿಜೀವನದಲ್ಲಿ ಒಂದೇ ಒಂದು ತಪ್ಪು ಮಾಡಿದರು. 1873-74ರಲ್ಲಿ ಬಿಹಾರಕ್ಕೆ ಬರ ಬಂದಾಗ ಜನರಿಗೆ ಹೊಟ್ಟೆ ತುಂಬಾ ಅನ್ನ ಹಾಕಿಬಿಟ್ಟರು. ಬರ್ಮಾದಿಂದ ಸುಮಾರು 4.5 ಲಕ್ಷ ಟನ್ ಅಕ್ಕಿ ತರಿಸಿದರು. ಹಡಗಿನಲ್ಲಿ ಬಂದದ್ದನ್ನು ಎತ್ತಿನ ಗಾಡಿ, ಹೇಸರಗತ್ತೆಗಳ ಮೇಲೆ ಹಳ್ಳಿಗಳಿಗೆ ಮುಟ್ಟಿಸಿದರು. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಇಷ್ಟು ಬೇಜವಾಬ್ದಾರಿಯನ್ನು ಯಾವ ಸರ್ಕಾರ ತಾನೇ ಸಹಿಸೀತು? ಬರ ಮುಗಿದ ಮೇಲೆ ಸುಮಾರು ಒಂದು ಲಕ್ಷ ಟನ್ ಧಾನ್ಯ ಉಗ್ರಾಣದಲ್ಲಿ ಮಿಕ್ಕಿತ್ತು. ಸಾಯದೆ ಉಳಿದ ಜನರ ಬಗ್ಗೆ ಯಾರೂ ಕೇಳಲಿಲ್ಲ, ಮಿಕ್ಕ ಅಕ್ಕಿಯ ಬಗ್ಗೆ ಎಲ್ಲರೂ ಕೇಳಿದರು. ಜೀವ ಉಳಿಸುವುದು ಸರ್ಕಾರದ ಕೆಲಸ ಅಂತ ಈ ಜನ ತಿಳಿದುಬಿಟ್ಟರೆ ಗತಿ ಏನು ಅಂತ ಲಂಡನ್ನಿನ ಪತ್ರಿಕೆಗಳು ತಲೆ ಮೇಲೆ ಕೈ ಹೊತ್ತವು.

ಬುದ್ಧಿವಂತ ಅಧಿಕಾರಿಗೆ ಒಂದು ಪಾಠ ಸಾಕು.

ಎರಡೇ ವರ್ಷಕ್ಕೆ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ನಮ್ಮವರು ಧಾತು-ಈಶ್ವರ ಸಂವತ್ಸರದ ಬರ ಅಂತ ನೆನೆಯುವುದು ಇದನ್ನೇ, 1876-78. ಬಳ್ಳಾರಿ, ಕರ್ನೂಲು, ಮೈಸೂರು ಸೀಮೆ ಎಲ್ಲ ಒಣಗಿ ಬಿರುಕು ಬಿಟ್ಟಿತ್ತು. ಆ ಹೊತ್ತಿಗೆ ವೈಸರಾಯ್ ಲಿಟ್ಟನ್ ಅವರಿಗೆ ಬೇರೆ ತುರ್ತು ಕೆಲಸವಿತ್ತು: 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ಮಾಡಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರುವುದು. ಯಾವ ರಾಜನಿಗೆ ಎಷ್ಟು ತೋಪಿನ ಮರ್ಯಾದೆ, ಯಾರ ಪಕ್ಕ ಯಾರು ಕೂರಬೇಕು, ಇವುಗಳ ಫೈಲು ಓಡಾಡಿದ ವೇಗ ನೋಡಿದರೆ ಬ್ರಿಟಿಷ್ ಆಡಳಿತ ನಿಧಾನ ಅನ್ನಲು ಬಾಯಿ ಬರುವುದಿಲ್ಲ. ಒಬ್ಬೊಬ್ಬ ರಾಜನಿಗೂ ಲಾಂಛನ ಕಸೂತಿ ಮಾಡಿದ ಒಂದೊಂದು ರೇಷ್ಮೆ ಪತಾಕೆ ಕೊಟ್ಟರು. ಅದರ ಹಿತ್ತಾಳೆ ಕೋಲು, ತುದಿಯ ಅಲಂಕಾರ ಎಷ್ಟು ಭಾರವಿತ್ತೆಂದರೆ ಒಂದನ್ನು ಎತ್ತಲು ಇಬ್ಬರು ಗಟ್ಟಿಮುಟ್ಟಾದ ಹೈಲ್ಯಾಂಡರ್ ಸೈನಿಕರು ಬೇಕಾದರು. ಕೋಲಿನ ತೂಕ ಮೊದಲೇ ನೋಡಬೇಕು ಅಂತ ಯಾವ ಕಾರ್ಯದರ್ಶಿಗೂ ಹೊಳೆಯಲಿಲ್ಲ. ತೂಕ ನೋಡುವ ಉತ್ಸಾಹವನ್ನೆಲ್ಲ ಕೂಲಿಯವರ ಧಾನ್ಯಕ್ಕೆ ಮೀಸಲಿಟ್ಟಿದ್ದರು.

ಅದೇ ಜನವರಿಯಲ್ಲಿ ಟೆಂಪಲ್ ಸಾಹೇಬರನ್ನು ಬರ ನೋಡಿಕೊಂಡು ಬರಲು ಮದ್ರಾಸಿಗೆ ಕಳಿಸಲಾಯಿತು. ನೋಡಿಕೊಂಡು ಬರುವುದೆಂದರೆ, ಮದ್ರಾಸು ಸರ್ಕಾರ ದುಂದುವೆಚ್ಚ ಮಾಡುತ್ತಿದೆಯಾ ಅಂತ ನೋಡುವುದು. ಸಾಹೇಬರು ಕುದುರೆ ಮೇಲೆ ದಿನಕ್ಕೆ ಬಹಳ ದೂರ ಕ್ರಮಿಸುವುದರಲ್ಲಿ ಹೆಸರು ಮಾಡಿದ್ದವರು. ಬಹಳ ಬೇಗ ನೋಡಿ ಮುಗಿಸಿದರು.

ಕುದುರೆ ಅಂದ ಕೂಡಲೇ ಒಂದು ಮಾತು ಹೇಳಿಬಿಡಬೇಕು. ಬ್ರಿಟಿಷರ ನಾಗರಿಕ ಸೇವೆ, ಅಂದರೆ ಐಸಿಎಸ್ ಪರೀಕ್ಷೆಯಲ್ಲಿ ಗ್ರೀಕ್, ಲ್ಯಾಟಿನ್, ಗಣಿತ ಎಲ್ಲ ಪಾಸಾದರೂ ಕೊನೆಗೆ ಕುದುರೆ ಸವಾರಿಯ ಪರೀಕ್ಷೆ ಇರುತ್ತಿತ್ತು. 1890ರಲ್ಲಿ ಲಿಖಿತ ಪರೀಕ್ಷೆ ಪಾಸಾಗಿದ್ದ ಅರವಿಂದ ಘೋಷರನ್ನು 1892ರಲ್ಲಿ ಹೊರಗೆ ಹಾಕಿದ್ದು ಈ ಕಾರಣಕ್ಕೇ. ಜಿಲ್ಲೆ ಆಳುವವನಿಗೆ ಜಿಲ್ಲೆಯ ಭಾಷೆ ಅರೆಬರೆ ಬಂದರೂ ನಡೆಯುತ್ತಿತ್ತು, ಕುದುರೆ ಮಾತ್ರ ಚೆನ್ನಾಗಿ ಬರಬೇಕು. ಜನರನ್ನು ಮೇಲಿನಿಂದ ನೋಡುವ ಅಭ್ಯಾಸ ತಪ್ಪಬಾರದಲ್ಲ. ಈಗ ಆ ಕೆಲಸಕ್ಕೆ ಇನ್ನೋವಾ ಇದೆ, ಪರೀಕ್ಷೆ ಬೇಕಿಲ್ಲ.

ಇರಲಿ, ತಕ್ಕಡಿಗೆ ಬರೋಣ. ಬರ ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದ ಲೆಕ್ಕವಿತ್ತು. ಸಾಹೇಬರು ಅದನ್ನು ಒಂದು ಪೌಂಡಿಗೆ ಇಳಿಸಿದರು, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದು ‘ಟೆಂಪಲ್ ಕೂಲಿ’ ಅಂತಲೇ ಪ್ರಸಿದ್ಧ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ರಾಗಿಯಾದರೆ ಬೀಸಿ, ಜರಡಿ ಹಿಡಿದ ಮೇಲೆ ಮೂರು ಮುದ್ದೆ. ಪರವಾಗಿಲ್ಲವಲ್ಲ ಅನ್ನಿಸಬಹುದು. ಆದರೆ ಸಾರಿಗೆ ಬೇಳೆ, ಉಪ್ಪು, ಮೆಣಸಿನಕಾಯಿ, ಒಲೆಗೆ ಸೌದೆ, ಎಲ್ಲವೂ ಆ ಒಂದಾಣೆಯಲ್ಲೇ ಬರಬೇಕು, ಅದೂ ಬರಗಾಲದ ಸಂತೆಯ ಧಾರಣೆಯಲ್ಲಿ. ಮನೆಯಲ್ಲಿ ನಡೆಯಲಾರದ ಮುದುಕಿ, ಮೊಲೆಗೂಸು ಇದ್ದರೆ ಅವರ ಪಾಲೂ ಆ ಮೂರು ಮುದ್ದೆಯಲ್ಲೇ. ತಿಂದವನು ನೆರಳಿಲ್ಲದ ಬಯಲಲ್ಲಿ ಇಡೀ ದಿನ ಮಣ್ಣು ಅಗೆಯಬೇಕು, ಜಲ್ಲಿ ಒಡೆಯಬೇಕು. ಮನೆಯಿಂದ ಹತ್ತು ಮೈಲಿ ಒಳಗೆ ಕೆಲಸ ಕೊಡಕೂಡದು ಅಂತ ಬೇರೆ ನಿಯಮ. ನಿಜವಾಗಿ ಹಸಿದವನಾದರೆ ಹತ್ತು ಮೈಲಿ ನಡೆದು ಬರುತ್ತಾನೆ ಅನ್ನುವುದು ತರ್ಕ. ನಿಜವಾಗಿ ಹಸಿದವನು ಎರಡು ಮೈಲಿಗೇ ಬೀಳುತ್ತಾನೆ ಅಂತ ಹೇಳುವವರು ಕಮಿಟಿಯಲ್ಲಿರಲಿಲ್ಲ.

ಹೇಳಿದವನು ಒಬ್ಬನಿದ್ದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಷ್. ಬರೀ ಧಾನ್ಯ ತಿಂದು ಮಣ್ಣು ಹೊರಲು ಆಗುವುದಿಲ್ಲ, ಕಡೇಪಕ್ಷ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಅಂತ ಹಟ ಹಿಡಿದ. ಕೂಲಿಯವರು ಒಣಗುತ್ತಿದ್ದಾರೆ, ಭೇದಿ ಹಿಡಿದು ಸಾಯುತ್ತಿದ್ದಾರೆ ಅಂತ ಬರೆದ. ಫೈಲು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಕೊನೆಗೆ ಮದ್ರಾಸು ಸರ್ಕಾರ ಒಂದು ಪೌಂಡು ಮತ್ತು ಒಂದೂವರೆ ಪೌಂಡಿನ ನಡುವೆ ಸರಿಯಾಗಿ ಅರ್ಧಕ್ಕೆ ಗೆರೆ ಎಳೆದು ಒಂದೂಕಾಲು ಪೌಂಡ್ ಮಾಡಿತು, ಜೊತೆಗೆ ಒಂದೂವರೆ ಔನ್ಸ್ ಬೇಳೆ. ಅಂದರೆ 43 ಗ್ರಾಂ. ಇಬ್ಬರು ಹಿರಿಯ ಅಧಿಕಾರಿಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಮಧ್ಯದ ಅಂಕಿ ಬರೆದು ಸಹಿ ಹಾಕುವುದೇ ಆಡಳಿತ. ಹೊಟ್ಟೆಯನ್ನು ಯಾರೂ ಅಭಿಪ್ರಾಯ ಕೇಳಲಿಲ್ಲ.

ಟೆಂಪಲ್ ಸಾಹೇಬರಿಗೆ ಏನಾಯಿತು? ಏನಾಗಬೇಕೋ ಅದೇ. ಆ ವರ್ಷ ಮೇ ತಿಂಗಳಿಗೆ ಬೊಂಬಾಯಿಯ ಗವರ್ನರ್ ಆದರು. ಅನ್ನ ಹಾಕಿದಾಗ ಬೈಗುಳ, ಅನ್ನ ಕಿತ್ತುಕೊಂಡಾಗ ಗವರ್ನರ್ ಗಿರಿ. ಬಿಡಬೇಕಾದ ಮನಃಸ್ಥಿತಿ ಯಾವುದು ಅಂತ ಕೇಳುವವರಿಗೆ ಇದಕ್ಕಿಂತ ಬಿಡಿಸಿ ಹೇಳಲು ಬರುವುದಿಲ್ಲ. ಹಣ ಉಳಿಸಿದರೆ ಅದಕ್ಕೆ ಲೆಕ್ಕ ಉಂಟು, ಜೀವ ಉಳಿಸಿದರೆ ಆಡಿಟ್ ಆಕ್ಷೇಪಣೆ ಉಂಟು.

ಈಗಿನ ತಕ್ಕಡಿ ಬೇರೆ, ನಿಜ. ಈಗ ಪೌಂಡಿಲ್ಲ, ಶೇಕಡಾ ಇದೆ. 2022-26ರ ಕೇಂದ್ರದ ನಿಯಮದಲ್ಲಿ ಬೆಳೆ ನಷ್ಟ ಶೇಕಡಾ 33 ಮುಟ್ಟಿದರೆ ಖುಷ್ಕಿ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆ ಲೆಕ್ಕಕ್ಕೆ 3,440. ಶೇಕಡಾ 32 ಹಾಳಾದ ಬೆಳೆ ಸರ್ಕಾರದ ಕಣ್ಣಿಗೆ ಹಸಿರಾಗಿಯೇ ಇರುತ್ತದೆ. 33 ಆದರೂ ಪಹಣಿಯ ಹೆಸರು, ಆಧಾರಿನ ಹೆಸರು ಒಂದೇ ಆಗಿರಬೇಕು, ರೈತರ ಗುರುತಿನ ಸಂಖ್ಯೆ ಅಂದರೆ ಎಫ್‌ಐಡಿ ಆಗಿರಬೇಕು. ಜಮೀನು ಸತ್ತ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ. ಹತ್ತು ಮೈಲಿ ನಡೆಸುವ ನಿಯಮ ರದ್ದಾಗಿದೆ ಅನ್ನುವವರು ನಾಡಕಚೇರಿಗೆ ಎಷ್ಟು ಸಲ ಅಲೆಯಬೇಕು ಅಂತ ಒಮ್ಮೆ ಕೂಡಿ ನೋಡಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕೇಂದ್ರದ ತಂಡ ಅಕ್ಟೋಬರಿನಲ್ಲಿ ಬಂದು ನೋಡಿ ಹೋಯಿತು. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಹಣ ಬಂದದ್ದು ಮರುವರ್ಷ ಏಪ್ರಿಲ್ ಕೊನೆಗೆ. ರೈತ ಬಿತ್ತನೆ ಬೀಜಕ್ಕೆ ಮಾಡಿದ ಸಾಲಕ್ಕೆ ಅಷ್ಟೊತ್ತಿಗೆ ಎಷ್ಟು ಬಡ್ಡಿ ಬೆಳೆದಿತ್ತು ಅಂತ ಯಾವ ತಂಡವೂ ಸಮೀಕ್ಷೆ ಮಾಡುವುದಿಲ್ಲ. ನಗು ಬರುವುದಿಲ್ಲ ಸ್ವಾಮಿ, ಇದನ್ನು ಬರೆಯುವಾಗ.

ಮೈಸೂರಿನ ಲೆಕ್ಕ ಒಂದು ಬಾಕಿ ಇದೆ. ಬರ ಬಂದಾಗ ನಮ್ಮ ರಾಜ್ಯ ರಾಜರ ಕೈಯಲ್ಲಿರಲಿಲ್ಲ. 1831ರಿಂದ ಕಮಿಷನರುಗಳೇ ಆಳುತ್ತಿದ್ದರು, ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ಕೂರಿಸಿ ಬೆಂಗಳೂರಿನಲ್ಲಿ ಅಠಾರಾ ಕಚೇರಿ ಕಟ್ಟಿದ್ದರು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412. 1881ರಲ್ಲಿ 41,86,188. ಹದಿನೆಂಟು ಇಲಾಖೆಗಳ ಮಧ್ಯೆ 8,69,224 ಜನ ಕಡಿಮೆ, ಹುಟ್ಟಿ ಬೆಳೆಯಬೇಕಿದ್ದವರನ್ನು ಬಿಟ್ಟು. ಮೈಸೂರಿಗೆ ಬರದ ಕಮಿಷನರ್ ಆಗಿ ಬಂದ ಚಾರ್ಲ್ಸ್ ಎಲಿಯಟ್ ಮುಂದೆ ಬರ ಆಯೋಗದ ಕಾರ್ಯದರ್ಶಿಯಾಗಿ, ಆಮೇಲೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿ ಏರಿದರು.

1881ರ ಮಾರ್ಚ್ 25ರಂದು ಹದಿನೆಂಟು ವರ್ಷದ ಚಾಮರಾಜ ಒಡೆಯರಿಗೆ ರಾಜ್ಯ ವಾಪಸು ಒಪ್ಪಿಸಿದರು. ಬರಕ್ಕೆ ಮುಂಚೆ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಆ ಹೊತ್ತಿಗೆ ಖಾಲಿ. ಭಾರತ ಸರ್ಕಾರಕ್ಕೆ ಕಟ್ಟಬೇಕಾದ ಸಾಲ 80 ಲಕ್ಷ. ಆಡಳಿತ ಅವರದ್ದು, ಸಾಲ ನಮ್ಮದು. ಬ್ರಿಟಿಷರಿಗೆ ಕಟ್ಟುವ ಕಪ್ಪ, ಅಂದರೆ ವರ್ಷಕ್ಕೆ 24.5 ಲಕ್ಷ ಇದ್ದ ಪೊಗದಿಯನ್ನು ಇನ್ನೂ 10.5 ಲಕ್ಷ ಏರಿಸಿಯೇ ಕೊಟ್ಟರು. ರಾಜ್ಯ ಬರದಲ್ಲಿ ಬಹಳ ಸೊರಗಿದೆ ಅಂತ ಮನಸ್ಸು ಕರಗಿ, ಏರಿಸಿದ್ದನ್ನು ಐದು ವರ್ಷ ಕಳೆದ ಮೇಲೆ ವಸೂಲಿ ಮಾಡುತ್ತೇವೆ ಅಂದರು.