ಪಕ್ಕದ ಮನೆಯವರು ನಿಮ್ಮ ವೈಫೈ ಕದ್ದಿಲ್ಲ

‘ನಿಮ್ಮ ಮತ್ತು ನೆರೆಮನೆಯವರ ಮೊಬೈಲಿನ ಐಪಿ ವಿಳಾಸ ಒಂದೇ ಆಗಿದ್ದರೆ ಅವರು ನಿಮ್ಮ ವೈಫೈ ಕದಿಯುತ್ತಿದ್ದಾರೆ’ ಎಂಬ ಸಂದೇಶ ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. (ಐಪಿ ವಿಳಾಸವೆಂದರೆ ಜಾಲದೊಳಗೆ ಒಂದು ಸಾಧನವನ್ನು ಗುರುತಿಸುವ ಸಂಖ್ಯೆ.) ಇದು ಶುದ್ಧ ತಪ್ಪು. ಇಂಥದ್ದನ್ನು ನಂಬಿ ನೆರೆಯವರ ಮೇಲೆ ಸಂಶಯಪಡುವುದು ಅನ್ಯಾಯ.

192.168ರಿಂದ ಆರಂಭವಾಗುವ ವಿಳಾಸಗಳು ಮನೆ, ಕಚೇರಿಗಳ ಒಳಗಿನ ಖಾಸಗಿ ಜಾಲಗಳಿಗೆಂದೇ ಮೀಸಲು. ಇಂಟರ್‌ನೆಟ್ ಬಳಕೆಯ ಕ್ರಮಗಳನ್ನು ತಿಳಿಸುವ ದಾಖಲೆಗಳಲ್ಲೊಂದಾದ 1996ರ ‘ಆರ್‌ಎಫ್‌ಸಿ 1918’ ಅದನ್ನು ಸ್ಪಷ್ಟವಾಗಿ ಹೇಳಿದೆ. ಉಪ್ಪಳದ ನಮ್ಮ ಮನೆಯಲ್ಲಿ ನನ್ನ ಫೋನಿನ ವಿಳಾಸ 192.168.1.5. ಬದಿಯಡ್ಕದ ಅಕ್ಕನ ಮನೆಯಲ್ಲಿ ಭಾವನ ಫೋನಿನದೂ ಅದೇ! ನಮ್ಮ ವೈಫೈ ಅಂಗಳದ ತೆಂಗಿನ ಮರವನ್ನೇ ದಾಟುವುದಿಲ್ಲ. ಪ್ರತಿ ಮನೆಯ ರೌಟರ್ ತನ್ನ ಸಾಧನಗಳಿಗೆ ಡಿಎಚ್‌ಸಿಪಿ ಎಂಬ, ವಿಳಾಸವನ್ನು ತಾನಾಗಿಯೇ ಕೊಡುವ ವ್ಯವಸ್ಥೆಯ ಮೂಲಕ ಈ ಸಂಖ್ಯೆಗಳನ್ನು ಹಂಚುತ್ತದೆ. ಹೊರಗಿನ ಇಂಟರ್‌ನೆಟ್ಟಿಗೆ ಕಾಣುವ ವಿಳಾಸ ಬೇರೆಯೇ.

ನಿಜಕ್ಕೂ ಅನುಮಾನವಿದ್ದರೆ ಬ್ರೌಸರಿನಲ್ಲಿ ರೌಟರಿನ ಸೆಟ್ಟಿಂಗ್ಸ್ ಪುಟ ತೆರೆದು, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೋಡಿ. ಪರಿಚಯವಿಲ್ಲದ್ದು ಕಂಡರೆ ಪಾಸ್‌ವರ್ಡ್ ಬದಲಿಸಿ.